ಸಾರಿಗೆ ಎರಡು ಬೆರಳು ಜಾಗ

ಸಾರಿಗೂ ಸಪ್ಪಳವಿರುತ್ತದೆ ಎಂಬುದು ನನಗೆ ಗೊತ್ತಾದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ, ಮುಂಬಯಿಯ ಕಾಂದಿವಲಿಯಲ್ಲಿ, ಒಂದು ಬಿಲ್ಡಿಂಗಿನ ಹದಿನಾಲ್ಕನೆಯ ಮಹಡಿಯಲ್ಲಿ. ವಿಜಯಪುರದಿಂದ ರೈಲಿನಲ್ಲಿ ಬಂದು, ಲೋಕಲ್ ಹತ್ತಿ, ರಿಕ್ಷಾ ಹಿಡಿದು, ಲಿಫ್ಟಿನಲ್ಲಿ ಮೇಲೇರಿ ಮಗಳ ಮನೆಯ ಬಾಗಿಲಿಗೆ ಬಂದರೆ ಒಳಗಿನಿಂದ ಧಡ್ ಧಡ್ ಎಂದು ಏನನ್ನೋ ಕುಟ್ಟುವ ಸದ್ದು. ಅಳಿಯ ನಿತಿನ್ ಕೂಸನ್ನು ಎತ್ತಿಕೊಂಡೇ ಬಂದು ಬಾಗಿಲು ತೆರೆದರು. ಅಡುಗೆಮನೆಯಲ್ಲಿ ಮಗಳು ಪಲ್ಲವಿ ಒಂದು ಸ್ಟೀಲ್ ಡಬ್ಬಿಯನ್ನು ಬೋರಲು ಹಿಡಿದು ಲಟ್ಟಣಿಗೆಯಿಂದ ಹೊಡೆಯುತ್ತಿದ್ದಳು. ನಾಲ್ಕೈದು ಏಟಿಗೆ ಅದರೊಳಗಿಂದ ಹಳದಿ ಇಟ್ಟಿಗೆಯಂಥದ್ದೊಂದು ಪಾತ್ರೆಗೆ ಬಿತ್ತು. ಅದೇನೆಂದು ಕೇಳಿದೆ. "ಸಾರಪ್ಪ," ಎಂದಳು.

ಆ ಇಟ್ಟಿಗೆ ನಮ್ಮ ಬೀಗಿತಿಯವರ ಕೈಯಡುಗೆ. ಬೆಳಗಾವಿಯಿಂದ ಬಂದು ಐದು ತಿಂಗಳು ಬಾಣಂತನ ಮಾಡಿದ್ದ ಅವರು, ಮಂಡಿನೋವು ತಡೆಯಲಾರದೆ ಊರಿಗೆ ಹೊರಡುವ ಮುನ್ನ, ಸೊಸೆ ಉಪವಾಸ ಬೀಳದಿರಲಿ ಎಂದು ಹತ್ತು ಡಬ್ಬಿ ಸಾರು ಮಾಡಿ ಫ್ರೀಜರಿನಲ್ಲಿಟ್ಟು ಹೋಗಿದ್ದರು. ಪ್ರೀತಿಗೆ ಕೊರತೆ ಇರಲಿಲ್ಲ. ಆದರೆ ಬಿಸಿಯಾದ ಆ ಸಾರನ್ನು ಬಾಯಿಗಿಟ್ಟು ನೋಡಿದೆ: ನೀರು ಒಂದು ಕಡೆ, ಬೇಳೆ ಒಂದು ಕಡೆ. ಕೊತ್ತಂಬರಿ ಸೊಪ್ಪು ಕಪ್ಪಾಗಿ ಜಾರುತ್ತಿತ್ತು, ಆಲೂಗಡ್ಡೆ ಜಗಿದರೆ ನೀರು ಬಿಡುತ್ತಿತ್ತು, ಬೆಳ್ಳುಳ್ಳಿ ಕಹಿ. ಪಲ್ಲವಿ ಸಿಂಕಿನ ಪಕ್ಕ ನಿಂತೇ ನಾಲ್ಕು ಚಮಚ ಕುಡಿದು ಬಟ್ಟಲನ್ನು ಬದಿಗಿಟ್ಟಳು. ಹಾಲುಣಿಸುವ ತಾಯಿ, ಕೊರಳಿನ ಎಲುಬು ಎದ್ದು ಕಾಣುತ್ತಿತ್ತು. ಮರುದಿನದಿಂದ ಅವಳು ಪವಾಯಿಯ ಆಫೀಸಿಗೆ ಮತ್ತೆ ಹೋಗಬೇಕಿತ್ತು.

ನಾನು ಬಂದದ್ದು ಅದಕ್ಕಾಗಿಯೇ. ಕೂಸಿಗೆ ವರ್ಷ ತುಂಬುವ ತನಕ ಪಾಳಣಾಘರಕ್ಕೆ, ಅಂದರೆ ಹಗಲೆಲ್ಲ ಮಕ್ಕಳನ್ನು ನೋಡಿಕೊಳ್ಳುವ ಮನೆಗೆ, ಬಿಡಲು ಇಬ್ಬರಿಗೂ ಮನಸ್ಸಿರಲಿಲ್ಲ. ಹೆಂಡತಿ ಶಾರದಾ ಇದ್ದಿದ್ದರೆ ಅವಳೇ ಬರುತ್ತಿದ್ದಳು. ಅವಳು ತೀರಿಕೊಂಡು ಮೂರು ವರ್ಷವಾಗಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾಗಿದ್ದ ನನಗೆ ಊರಿನಲ್ಲಿ ಸಂಜೆಯ ಹರಟೆ ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಹೊರಟಾಗ ಹರಟೆಯ ಗೆಳೆಯರು, ಮಗಳ ಮನೆಯಲ್ಲಿ ಮೂರು ದಿನದ ಮೇಲೆ ಇದ್ದವನಿಗೆ ಮರ್ಯಾದೆ ಇಲ್ಲ ಎಂದು ಎಚ್ಚರಿಸಿದರು. ಮರ್ಯಾದೆ ಉಳಿದರೆ ತರುತ್ತೇನೆ, ಇಲ್ಲವಾದರೆ ಬಿಟ್ಟುಬರುತ್ತೇನೆ ಎಂದು ಹೇಳಿ ರೈಲು ಹತ್ತಿದ್ದೆ.

ಬರುವಾಗ ಎರಡು ದೊಡ್ಡ ಗಂಟು ಖಡಕ್ ರೊಟ್ಟಿ ತಂದಿದ್ದೆ. ಎರಡು ತಿಂಗಳ ದಾಸ್ತಾನು ಎಂಬ ಹೆಮ್ಮೆ ಬೇರೆ. ನಮ್ಮ ಕಡೆಯ ಒಣ ಗಾಳಿಯಲ್ಲಿ ಜೋಳದ ರೊಟ್ಟಿಯನ್ನು ಬುಟ್ಟಿಯಲ್ಲಿ ಜೋಡಿಸಿ ಬಟ್ಟೆ ಮುಚ್ಚಿದರೆ ಸಾಕು, ಮುರಿದಾಗ ಚಟ್ಟೆಂದು ಸದ್ದು ಬರುತ್ತದೆ. ಕಾಂದಿವಲಿಯಲ್ಲಿ ಮೂರನೆಯ ದಿನ ನನ್ನ ರೊಟ್ಟಿ ಕರವಸ್ತ್ರದ ಹಾಗೆ ಮಡಚಲು ಬಂತು. ಇಲ್ಲಿನ ಗಾಳಿಗೆ ಉಪ್ಪೂ ಮೆತ್ತಗಾಗುತ್ತದೆ, ಬೆಂಕಿಕಡ್ಡಿಯೂ ಮೆತ್ತಗಾಗುತ್ತದೆ. ನಾವು ಒಣಗಿಸಿ ಬದುಕಿಸುವ ಜನ, ಇವರು ತಣ್ಣಗೆ ಮಾಡಿ ಬದುಕಿಸುವ ಜನ. ಅಂದು ಮೊದಲ ಬಾರಿಗೆ ಫ್ರಿಜ್ಜನ್ನು ನಾನು ಸ್ವಲ್ಪ ಗೌರವದಿಂದ ನೋಡಿದೆ.

ಹಾಗಂತ ಮನಸ್ಸು ಒಪ್ಪಿರಲಿಲ್ಲ. ತಿಂಗಳ ಹಿಂದಿನ ರೊಟ್ಟಿ ತಿನ್ನುವ ನಾವೇ ನಿನ್ನೆಯ ಸಾರನ್ನು ತಂಗಳೆಂದು ಮೂಗು ಮುರಿಯುತ್ತೇವೆ. ಶಾರದಾ ಬೆಳಗಿನ ಸಾರನ್ನು ರಾತ್ರಿ ಬಡಿಸಿದ್ದು ನನಗೆ ನೆನಪಿಲ್ಲ. ಈಗ ಅನಿಸುತ್ತದೆ, ಆ ಬಿಸಿ ಸಾರಿನ ಹಿಂದೆ ದಿನಕ್ಕೆ ಎರಡು ಸಲ ಒಲೆಯ ಮುಂದೆ ನಿಂತ ಒಬ್ಬ ಹೆಂಗಸಿದ್ದಳು. ತಾಟಿನ ಮುಂದೆ ಕೂತವನಿಗೆ ಅದು ಕಾಣುವುದಿಲ್ಲ.

ಇಲ್ಲಿನ ದಿನಚರಿ ಹೀಗೆ. ಬೆಳಿಗ್ಗೆ ಅಡುಗೆಯ ಹೆಂಗಸು, ಇಲ್ಲಿಯವರ ಬಾಯಲ್ಲಿ ಮಾವಶಿ, ಬಂದು ಚಪಾತಿ, ಪಲ್ಯ ಮಾಡಿಟ್ಟು ಹೋಗುತ್ತಾಳೆ. ಅದು ಮಧ್ಯಾಹ್ನದ ಡಬ್ಬಿಗೆ. ಎಂಟಕ್ಕೆ ಮನೆ ಬಿಟ್ಟ ಮಗಳು ಲೋಕಲ್ಲು, ಬಸ್ಸು ಎಲ್ಲ ಮುಗಿಸಿ ತಿರುಗಿ ಬರುವುದು ಸಂಜೆ ಎಂಟಕ್ಕೆ. ಬಂದವಳೇ ಕೂಸಿಗೆ ಹಾಲು ಕೊಡುತ್ತಾಳೆ. ಆಗ ಅವಳಿಗೆ ಬೇಕಾಗುವುದು ಬಿಸಿ ಅನ್ನ, ಬಿಸಿ ಸಾರು, ಅಷ್ಟೇ. ನಾನು ಸಂಜೆ ಸಾರು ಮಾಡಲು ಶುರುಮಾಡಿದೆ. ಅಡುಗೆ ನನಗೆ ಅಷ್ಟಿಷ್ಟು ಬರುತ್ತದೆ. ಶಾರದಾ ಹೋದ ಮೇಲೆ ಹೊಟ್ಟೆಯೇ ಗುರುವಾಗಿ ಕಲಿಸಿತ್ತು.

ನಡುವಿನ ಹೊತ್ತು ಉದ್ದವಾಗಿತ್ತು. ಊರಲ್ಲಿ ಬಾಗಿಲು ತೆರೆದರೆ ಬೀದಿ, ಬೀದಿಯಲ್ಲಿ ಯಾರಾದರೂ 'ಊಟ ಆತೇನ್ರಿ ಸರ್' ಎನ್ನುವವರು. ಇಲ್ಲಿ ಬಾಗಿಲು ತೆರೆದರೆ ಇನ್ನೊಂದು ಮುಚ್ಚಿದ ಬಾಗಿಲು. ಸಂಜೆ ಐದಕ್ಕೆ ಕೂಸನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಕೆಳಗಿನ ತೋಟಕ್ಕೆ ಹೋಗುತ್ತಿದ್ದೆ. ಅಲ್ಲಿ ಮೊಮ್ಮಕ್ಕಳನ್ನು ತಂದವರೆಲ್ಲ ಅಜ್ಜಿಯರು, ಗಂಡಸು ನಾನೊಬ್ಬನೇ. ಅವರು ನನ್ನನ್ನು 'ಆಜೋಬಾ' ಎಂದು ಕರೆದರು. ಮರಾಠಿಯಲ್ಲಿ ಅಜ್ಜ ಎಂದರ್ಥ. ಮೂವತ್ತು ವರ್ಷ ಸರ್ ಎನಿಸಿಕೊಂಡವನಿಗೆ ಮೊದಲ ದಿನ ಯಾರನ್ನು ಕರೆಯುತ್ತಿದ್ದಾರೆಂದೇ ತಿಳಿಯಲಿಲ್ಲ. ಎರಡು ವಾರ ಕನ್ನಡದಲ್ಲಿ ನಾನು ಹಗಲು ಮಾತಾಡಿದ್ದು ಆರು ತಿಂಗಳ ಕೂಸಿನ ಜೊತೆ ಮಾತ್ರ.

ಆ ಕೂಸು ತೆವಳಲು ಕಲಿತದ್ದೇ ತಡ, ನನ್ನ ಅಡುಗೆಗೆ ಕುತ್ತು ಬಂತು. ಈ ಮನೆಯ ಅಡುಗೆಕೋಣೆಗೆ ಬಾಗಿಲಿಲ್ಲ, ಪಡಸಾಲೆಯ ಮುಂದುವರಿಕೆಯೇ ಅಡುಗೆಕೋಣೆ. ಒಂದು ಸಂಜೆ ಒಗ್ಗರಣೆಗೆ ಎಣ್ಣೆ ಕಾಯಿಸಿ ಸಾಸಿವೆ ಸಿಡಿಯುವುದನ್ನು ಕಾಯುತ್ತಿದ್ದೆ. ಪಂಚೆ ಜಗ್ಗಿದಂತಾಯಿತು. ಕೆಳಗೆ ನೋಡಿದರೆ ಕೂಸು ಪಂಚೆ ಹಿಡಿದು ಎದ್ದು ನಿಲ್ಲಲು ನೋಡುತ್ತಿದೆ. ಕೈಯಲ್ಲಿದ್ದ ಒಗ್ಗರಣೆ ಸೌಟು ಅದರ ನೆತ್ತಿಯ ನೇರಕ್ಕಿತ್ತು. ಗ್ಯಾಸ್ ಆರಿಸಿ, ಸೌಟನ್ನು ಸಿಂಕಿಗೆ ಹಾಕಿ, ಕೂಸನ್ನು ಎತ್ತಿಕೊಂಡು ಪಡಸಾಲೆಯಲ್ಲಿ ಕೂತುಬಿಟ್ಟೆ. ಒಬ್ಬನೇ ಇರುವಾಗ ಇನ್ನು ಒಲೆ ಹಚ್ಚುವುದಿಲ್ಲ ಎಂದು ಅಂದೇ ನಿಶ್ಚಯಿಸಿದೆ.

ಉಳಿದದ್ದು ಒಂದೇ ದಾರಿ. ಭಾನುವಾರ ಕೂಸನ್ನು ಅಳಿಯನಿಗೆ ಒಪ್ಪಿಸಿ, ವಾರದ ಸಾರನ್ನೆಲ್ಲ ಒಟ್ಟಿಗೆ ಮಾಡಿ ಫ್ರೀಜರಿನಲ್ಲಿಡುವುದು. ಬೀಗಿತಿಯವರ ಇಟ್ಟಿಗೆಯನ್ನು ಕಂಡು ಮೂಗು ಮುರಿದವನು ಈಗ ಸ್ವತಃ ಇಟ್ಟಿಗೆ ಭಟ್ಟಿ ಹಾಕಲು ಹೊರಟೆ. ಮೊದಲ ಭಾನುವಾರ ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಬೇಳೆಸಾರು, ಹುರುಳಿ ಸಾರು, ಕಡಲೆಬೇಳೆಯ ಕಟ್ಟಿನ ಸಾರು ಮಾಡಿದೆ. ಮನೆಯಲ್ಲಿದ್ದ ಉಪ್ಪಿನಕಾಯಿಯ ಆರು ಗಾಜಿನ ಜಾಡಿಗಳನ್ನು ತೊಳೆದು ಒಣಗಿಸಿ, ಸಾರು ಆರಿದ ಮೇಲೆ ಕಂಠಮಟ್ಟ ತುಂಬಿ, ಮುಚ್ಚಳ ಬಿಗಿದು ಜೋಡಿಸಿಟ್ಟೆ.

ಕಂಠಮಟ್ಟ ಏಕೆಂದರೆ, ನಮ್ಮಲ್ಲಿ ಮಗಳಿಗೆ ಕೊಡುವ ಪಾತ್ರೆ ಅರೆಯಾಗಿರಬಾರದು. ಶಾರದಾ ಇದರಲ್ಲಿ ಬಲು ಕಟ್ಟುನಿಟ್ಟು. ಚಟ್ನಿಪುಡಿಯ ಡಬ್ಬಿಯಾದರೂ ಕುಟ್ಟಿ ಕುಟ್ಟಿ ಅಂಚಿನವರೆಗೆ ತುಂಬಿಯೇ ಕೊಡುತ್ತಿದ್ದಳು. ಅರೆ ಪಾತ್ರೆ ಕೊಟ್ಟರೆ ಮಗಳ ಮನೆ ಅರೆಯಾಗುತ್ತದೆ ಎಂಬುದು ಅವಳ ತವರಿನ ಮಾತು. ನನಗೆ ಇಂಥದ್ದರಲ್ಲೆಲ್ಲ ನಂಬಿಕೆ ಇಲ್ಲ ಎಂದು ಹೇಳಿಕೊಂಡೇ ಬಂದವನು ನಾನು. ಆದರೆ ಸೌಟು ಹಿಡಿದ ಕೈ ಕೇಳಬೇಕಲ್ಲ.

ಸೋಮವಾರ ಬೆಳಿಗ್ಗೆ ಫ್ರೀಜರ್ ತೆರೆದರೆ ಆರರಲ್ಲಿ ನಾಲ್ಕು ಜಾಡಿ ಸೀಳಿದ್ದವು. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ಇದನ್ನು ನಾನು ಒಂಬತ್ತನೆಯ ಇಯತ್ತೆಗೆ ಮೂವತ್ತು ವರ್ಷ ಕಲಿಸಿದ್ದೇನೆ. ಬಾಟಲಿಯ ಚಿತ್ರವನ್ನೂ ಹಲಗೆಯ ಮೇಲೆ ಬರೆಯುತ್ತಿದ್ದೆ. ಪುಸ್ತಕದ ಬದನೆಕಾಯಿ ಎಂದರೆ ಇದೇ. ಗಾಜಿನ ಚೂರು ಎಲ್ಲೆಲ್ಲಿ ಬಿದ್ದಿದೆಯೋ ಎಂಬ ಭಯಕ್ಕೆ ಉಳಿದ ಎರಡು ಜಾಡಿಯನ್ನೂ ಚೆಲ್ಲಬೇಕಾಯಿತು.

ಆಫೀಸಿಗೆ ಹೊರಟಿದ್ದ ಪಲ್ಲವಿ ಚೀಲ ಕೆಳಗಿಟ್ಟು ನನ್ನ ಜೊತೆ ಚೂರು ಆರಿಸಲು ಕೂತಳು. ಆಮೇಲೆ ಮುಖ ಎತ್ತದೆಯೇ ಹೇಳಿದಳು:

"ಅಪ್ಪಾ, ನಾ ನೌಕರಿ ಬಿಡ್ತೀನಿ. ಕೂಸಿಗೆ ಹಾಲು ಸಾಲವಲ್ದು, ನಿನಗ ಈ ವಯಸ್ಸಿನ್ಯಾಗ ಈ ಪರಿ ತ್ರಾಸು. ಯಾರ ಸಲುವಾಗಿ ಇದೆಲ್ಲಾ?"

ಅವಳು ಅಳುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಆಗಲೇ ನಿರ್ಧಾರ ಮಾಡಿ ಮುಗಿಸಿದವರ ದನಿ ಅದು. ಆ ದನಿಯನ್ನು ನಾನು ಮುಂಚೆ ಒಮ್ಮೆ ಕೇಳಿದ್ದೆ. ಪಲ್ಲವಿ ಹುಟ್ಟಿ ಏಳು ತಿಂಗಳಾದಾಗ, ಕನ್ನಡ ಸಾಲೆಯ ಮಾಸ್ತರಿಣಿಯಾಗಿದ್ದ ಶಾರದಾ ಹೀಗೆಯೇ, ರೊಟ್ಟಿ ಬಡಿಯುತ್ತಾ, ಕೆಲಸ ಬಿಡುತ್ತೇನೆ ಎಂದಿದ್ದಳು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಂದು ಮಗಳಿಗೆ ಹೇಳಿದೆ.

"ನಿಮ್ಮವ್ವ ಸಾಲಿ ಬಿಡ್ತೀನಿ ಅಂದಾಗ ನಾ ಛಲೋ ಆತು ಅಂದಿದ್ದೆ. ನೀ ಹೋಗು, ನಾ ಸಾರು ಮಾಡಿಡ್ತೀನಿ ಅಂತ ಒಂದು ದಿನಾನೂ ಅನ್ನಲಿಲ್ಲ. ಆಕಿ ಕೊನೀತನಕ ತನ್ನ ಸಾಲಿ ಹುಡುಗ್ಯಾರ ಹೆಸರು ಹೇಳ್ತಿದ್ಲು. ನನಗ ಒಂದು ತಿಂಗಳು ಟೈಮ್ ಕೊಡವಾ."

ಪಲ್ಲವಿ ನನ್ನನ್ನೇ ನೋಡಿದಳು. ಒಂದು ತಿಂಗಳು ನೋಡೋಣ, ಆಗಲಿಲ್ಲವೆಂದರೆ ಬಿಡುತ್ತೇನೆ, ಆಗ ನೀನು ಅಡ್ಡ ಬರಬಾರದು ಎಂದು ಹೇಳಿ ಚೀಲ ಹೆಗಲಿಗೇರಿಸಿ ಹೋದಳು.

ಮಾತು ಕೊಟ್ಟದ್ದೇನೋ ಆಯಿತು, ವಿದ್ಯೆ ಎಲ್ಲಿಂದ ತರುವುದು? ಅದು ತೋಟದ ಬೆಂಚಿನ ಮೇಲೆ ಸಿಕ್ಕಿತು. ಅಂದು ಸಂಜೆ ಕೂಸಿಗೆ ನನ್ನ ಪಾಡನ್ನೆಲ್ಲ ಕನ್ನಡದಲ್ಲಿ ಒಪ್ಪಿಸುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕಾಲಿನ ಬೆರಳು ಒತ್ತಿಕೊಳ್ಳುತ್ತಿದ್ದ ಒಬ್ಬ ಹಿರಿಯರು ಕಿವಿಗೊಟ್ಟು ಕೇಳಿ, ವಿಜಾಪುರದ ಕಡೆಯವರಾ ಎಂದರು. ಸದಾನಂದಣ್ಣ, ಉಡುಪಿ ಕಡೆಯವರು. ಮಲಾಡಿನ ಹೋಟೆಲುಗಳ ಅಡುಗೆಮನೆಯಲ್ಲಿ ನಲವತ್ತು ವರ್ಷ ನಿಂತು ಕಾಲು ಸವೆಸಿ, ಈಗ ನಮ್ಮ ಪಕ್ಕದ ವಿಂಗಿನಲ್ಲಿ ಮಗನ ಜೊತೆ ಇರುವವರು. ನಾನು ಮೇಷ್ಟ್ರೆಂದು ತಿಳಿದ ಕೂಡಲೇ 'ಮಾಷ್ಟ್ರೇ' ಎಂದರು. ಆಜೋಬಾನ ಪಟ್ಟದಿಂದ ಅಷ್ಟಾದರೂ ಬಡ್ತಿ ಸಿಕ್ಕಿತು ಎಂದು ಖುಷಿಯಾಯಿತು. ಜಾಡಿಯ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಬೀಗಿತಿಯವರ ಸಾರಿಗೆ ಏನಾಗಿತ್ತೆಂದು ಒಂದೊಂದಾಗಿ ಕೇಳಿದರು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳುವ ಹಾಗೆ.

"ಮಾಷ್ಟ್ರೇ, ಸಾರನ್ನು ಪೂರ್ತಿ ಮಾಡಿ ಐಸಿಗೆ ಇಡುದೇ ತಪ್ಪು. ಮುಕ್ಕಾಲು ಮಾಡಿ ಇಡಿ. ಉಳಿದ ಕಾಲು ಉಣ್ಣುವ ಹೊತ್ತಿಗೆ. ಒಗ್ಗರಣೆ, ಸೊಪ್ಪು, ಹುಳಿ, ಇದೆಲ್ಲ ಐಸಲ್ಲಿ ಸಾಯ್ತದೆ ಮಾರಾಯ್ರೆ. ಹೋಟ್ಲಲ್ಲಿ ಗಿರಾಕಿ ಕೂತ ಮೇಲೆಯೇ ನಾವು ಒಗ್ಗರಣೆ ಹಾಕುದು."

ಮರುದಿನವೇ ಒಂದು ನೋಟುಪುಸ್ತಕ ತಂದೆ. ಪ್ರಯೋಗ ಒಂದು, ಉದ್ದೇಶ, ಸಾಮಗ್ರಿ, ವಿಧಾನ, ತೀರ್ಮಾನ ಎಂದು ಶಾಲೆಯ ಕ್ರಮದಲ್ಲೇ ಬರೆಯತೊಡಗಿದೆ. ಮಾಡಿ ನೋಡಿದಾಗ ಸದಾನಂದಣ್ಣನ ಮಾತು ನಿಜವಾಗುತ್ತಾ ಹೋಯಿತು. ಆಲೂಗಡ್ಡೆಯನ್ನು ಪೂರ್ತಿ ಕೈಬಿಟ್ಟೆ. ಬೇಳೆಯನ್ನು ನುಣ್ಣಗೆ ಕಡೆದು, ನೀರು ಕಡಿಮೆ ಹಾಕಿ, ಗಟ್ಟಿಯಾಗಿಯೇ ಇಟ್ಟರೆ ಅದು ನೀರಿನಿಂದ ಬೇರೆಯಾಗಿ ಮುನಿಸಿಕೊಳ್ಳುವುದಿಲ್ಲ. ಬೇಕಾದ ನೀರನ್ನು ಕುದಿಸುವಾಗ ಸೇರಿಸಿದರಾಯಿತು. ಲವಂಗ, ಮೆಣಸು, ಬೆಳ್ಳುಳ್ಳಿ ಹೆಪ್ಪಿನಲ್ಲಿ ಕೂತಷ್ಟೂ ಜೋರಾಗಿ ಕಹಿಯ ಕಡೆಗೆ ತಿರುಗುತ್ತವೆ. ಹಾಗಾಗಿ ಮಸಾಲೆ ಖಾರವನ್ನು ಅರ್ಧ ಹಾಕಿ, ಉಳಿದರ್ಧ ಬಡಿಸುವ ಮುಂಚೆ. ಉಪ್ಪೂ ಹಾಗೆಯೇ, ಕಡಿಮೆಯಿದ್ದರೆ ಆಮೇಲೆ ಹಾಕಬಹುದು, ಹೆಚ್ಚಾದರೆ ದೇವರೇ ಗತಿ.

ಆರಿಸುವುದರಲ್ಲೂ ಒಂದು ಪಾಠವಿತ್ತು. ಊರಲ್ಲಿ ಸಾರನ್ನು ಒಲೆಯ ಬದಿಗೆ ಇಳಿಸಿದರೆ ಅದು ತನ್ನ ಪಾಡಿಗೆ ಆರುತ್ತಿತ್ತು. ಮುಂಬಯಿಯ ಸೆಕೆಯಲ್ಲಿ ಹಾಗೆ ಬಿಟ್ಟರೆ ಸಂಜೆಯೊಳಗೆ ಹಳಸಿದ ವಾಸನೆ. ಅಗಲದ ಪರಾತದಲ್ಲಿ ಐಸ್ ನೀರು ಹಾಕಿ, ಅದರಲ್ಲಿ ಪಾತ್ರೆ ಕೂರಿಸಿ, ಕೈಯಾಡಿಸುತ್ತಾ ಬೇಗ ತಣ್ಣಗೆ ಮಾಡಬೇಕು, ತಣ್ಣಗಾದ ಕೂಡಲೇ ಫ್ರೀಜರಿಗೆ. ಒಂದು ಡಬ್ಬಿಯಲ್ಲಿ ಒಂದು ಹೊತ್ತಿನ ಊಟಕ್ಕೆ ಆಗುವಷ್ಟೇ. ತೆಗೆಯುವುದನ್ನು ಬೆಳಿಗ್ಗೆಯೇ ತೆಗೆದು ಫ್ರಿಜ್ಜಿನ ಕೆಳಗಿನ ಖಾನೆಗೆ ಇಡಬೇಕು. ಸಂಜೆಗೆ ಅದು ತಾನೇ ಕರಗಿರುತ್ತದೆ, ಲಟ್ಟಣಿಗೆ ಬೇಡ. ಒಮ್ಮೆ ಕರಗಿದ್ದನ್ನು ಮತ್ತೆ ಮೇಲಕ್ಕೆ ಇಡುವಂತಿಲ್ಲ. ಇದಿಷ್ಟನ್ನೂ ಪಲ್ಲವಿ ಓದಿ, ಹತ್ತಕ್ಕೆ ಹತ್ತು ಅಂಕ ಎಂದು ಕೆಂಪು ಪೆನ್ನಿನಲ್ಲಿ ಬರೆದಳು. ಎಷ್ಟೋ ದಿನದ ಮೇಲೆ ಅವಳು ಮಾಡಿದ ಮೊದಲ ಕುಚೇಷ್ಟೆ ಅದು.

ಆದರೆ ಒಂದು ವಿಷಯದಲ್ಲಿ ನಾನು ಸೋತಿದ್ದೆ. ಗಾಜು ಬಿಟ್ಟು ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ ತಂದಿದ್ದೆ, ಸದಾನಂದಣ್ಣ ಮೇಲೆ ಎರಡು ಬೆರಳು ಜಾಗ ಬಿಡಿ ಎಂದೂ ಹೇಳಿದ್ದರು. ಕೈ ಮಾತ್ರ ಪ್ರತಿಸಲವೂ ಅಂಚಿನವರೆಗೆ ತುಂಬುತ್ತಿತ್ತು. ಬೆಳಿಗ್ಗೆ ನೋಡಿದರೆ ಮುಚ್ಚಳ ಉಬ್ಬಿ ತೆರೆದುಕೊಂಡು, ಸಾರಿನ ಮೇಲೆ ಬಿಳಿ ಹುಡಿ ಕೂತಿರುತ್ತಿತ್ತು. ಒಳಗೆ ಗಾಳಿ ಹೊಕ್ಕು, ಫ್ರಿಜ್ಜಿನ ವಾಸನೆಯೆಲ್ಲ ಸಾರಿಗೆ. ಮೂರನೆಯ ವಾರಕ್ಕೆ ಬಂದಿದ್ದೆವು. ಪಲ್ಲವಿ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದಳು ನಿಜ, ಆದರೆ ಇನ್ನೂ ಅದು ಹಸಿವಿಗೆ ಉಣ್ಣುವ ಊಟ, ರುಚಿಗೆ ಉಣ್ಣುವುದಲ್ಲ. ರಾಜೀನಾಮೆಯ ಪತ್ರ ಹೇಗೆ ಬರೆಯುವುದೆಂದು ಅವಳು ಫೋನಿನಲ್ಲಿ ಗೆಳತಿಯನ್ನು ಕೇಳುತ್ತಿದ್ದದ್ದು ನನ್ನ ಕಿವಿಗೆ ಬಿದ್ದಿತ್ತು.

ಸದಾನಂದಣ್ಣನ ಎದುರು ಕೊನೆಗೆ ಗುಟ್ಟು ಬಿಟ್ಟೆ. ವಿಜ್ಞಾನದ ಮೇಷ್ಟ್ರು ಅರೆ ಪಾತ್ರೆಗೆ ಹೆದರುತ್ತಾನೆಂದು ಹೇಳಲು ನಾಚಿಕೆಯಾಗಿತ್ತು. ಅವರು ಈ ಸಲ ನಗಲಿಲ್ಲ. ತಮ್ಮ ಅಮ್ಮನೂ ಹಾಗೆಯೇ, ಅಕ್ಕನಿಗೆ ಕೊಡುವ ಅಕ್ಕಿಯ ಸೇರನ್ನು ಗೋಪುರ ಮಾಡದೆ ಕೊಡುತ್ತಿರಲಿಲ್ಲ ಎಂದರು. ಆಮೇಲೆ ಸ್ವಲ್ಪ ಯೋಚಿಸಿ ಹೇಳಿದರು:

"ಅದು ಖಾಲಿ ಜಾಗ ಅಂತ ಯಾರು ಹೇಳಿದ್ದು ಮಾಷ್ಟ್ರೇ? ಅದು ಸಾರು ಬೆಳೆಯುವ ಜಾಗ. ನೀವು ಬಿಟ್ಟು ಇಡಿ. ಬೆಳಿಗ್ಗೆ ತೆಗೆದು ನೋಡಿ, ತುಂಬಿರ್ತದೆ."

ಆ ಭಾನುವಾರ ಹುರುಳಿ ಸಾರು ಮಾಡಿದೆ. ಆಳದ ಡಬ್ಬಿ ತೆಗೆದುಕೊಂಡು, ಎರಡು ಬೆರಳು ಅಡ್ಡ ಹಿಡಿದು, ಅಷ್ಟು ಜಾಗ ಬಿಟ್ಟು ಮುಚ್ಚಿದೆ. ಸೋಮವಾರ ಎದ್ದವನೇ ಹಲ್ಲುಜ್ಜುವ ಮುಂಚೆ ಫ್ರೀಜರ್ ತೆರೆದೆ. ಸಾರು ಏರಿತ್ತು. ನಡುವೆ ಸಣ್ಣ ದಿಬ್ಬದಂತೆ ಎದ್ದು ಮುಚ್ಚಳದ ಹತ್ತಿರಕ್ಕೆ ಬಂದಿತ್ತು. ಅಂದರೆ ಮಗಳ ಕೈಗೆ ಹೋಗುವಾಗ ಪಾತ್ರೆ ತುಂಬಿಯೇ ಇರುತ್ತದೆ. ಕಲಿಸಿದ ಪಾಠ ಅದೇ, ಆದರೆ ಅದು ನನ್ನ ತಲೆಯಿಂದ ಕೈಗೆ ಇಳಿಯಲು ಒಬ್ಬ ಹೋಟೆಲಿನ ಅಡುಗೆಯವರು ಬೇಕಾಯಿತು. ಡಬ್ಬಿ ಹಿಡಿದುಕೊಂಡು ಒಬ್ಬನೇ ನಕ್ಕೆ. ಕಣ್ಣೂ ತುಂಬಿತು, ಅದನ್ನೇಕೆ ಮುಚ್ಚಿಡಲಿ.

ಅಂದು ಸಂಜೆ ಮಗಳು ಕೂಸನ್ನು ಎತ್ತಿಕೊಂಡ ಮೇಲೆ ನಾನು ಒಲೆ ಹಚ್ಚಿದೆ. ಕರಗಿದ ಸಾರಿಗೆ ನೀರು ಬೆರೆಸಿ ಕುದಿಸಿ, ಹುಣಸೆರಸ ಬಿಟ್ಟು, ಉಪ್ಪು ನೋಡಿ, ಸಾಸಿವೆ, ಇಂಗು, ಜಜ್ಜಿದ ಬೆಳ್ಳುಳ್ಳಿ, ಕರಿಬೇವು ಹಾಕಿ ಒಗ್ಗರಣೆ ಕೊಟ್ಟೆ. ಹದಿನಾಲ್ಕನೆಯ ಮಹಡಿಯ ಆ ಮುಚ್ಚಿದ ಮನೆಯಲ್ಲಿ ಘಮ ಎದ್ದಿತು. ನಿತಿನ್ ಆಫೀಸಿನಿಂದ ಬಂದವರು ಬಾಗಿಲಲ್ಲೇ ನಿಂತು, ಕಾರಿಡಾರಿನವರೆಗೂ ವಾಸನೆ ಬರುತ್ತಿದೆ ಎಂದರು. ಪಲ್ಲವಿ ಕೂತುಕೊಂಡು ಉಂಡಳು. ಒಮ್ಮೆ ಅನ್ನ ಹಾಕಿಸಿಕೊಂಡಳು. ತಾಟನ್ನು ಇನ್ನೊಮ್ಮೆ ಮುಂದೆ ಚಾಚಿದಳು. ಬಟ್ಟಲು ಎತ್ತಿ ಉಳಿದ ಸಾರನ್ನು ಸೊರ್ರೆಂದು ಕುಡಿದಳು, ಸಣ್ಣವಳಿದ್ದಾಗ ಹಾಗೆ ಕುಡಿದದ್ದಕ್ಕೆ ನನ್ನಿಂದ ಬೈಸಿಕೊಳ್ಳುತ್ತಿದ್ದಳು. ನಾನು ಬಟ್ಟಲಿಗೆ ಇನ್ನೊಂದು ಸೌಟು ಬಿಟ್ಟೆ.

ತಿಂಗಳು ಮುಗಿಯಿತು. ರಾಜೀನಾಮೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಒಂದು ದಿನ ಮುಂದಿನ ವರ್ಷ ಆಫೀಸಿನಲ್ಲಿ ತನಗೆ ಬರಲಿರುವ ಹೊಸ ಕೆಲಸದ ಬಗ್ಗೆ ಊಟದ ನಡುವೆ ಹೇಳತೊಡಗಿದಳು. ಅರ್ಧ ನನಗೆ ಅರ್ಥವಾಗಲಿಲ್ಲ. ಮುಂದಿನ ವರ್ಷ ಎಂದಳಲ್ಲ, ಅಷ್ಟು ಸಾಕಾಯಿತು. ಶಾರದಾಳಿಗೆ ನಾನು ಮಾಡಿದ್ದು ಇದರಿಂದ ಅಳಿಸಿಹೋಗುವುದಿಲ್ಲ. ಅದು ನನಗೆ ಗೊತ್ತು.

ಮೊನ್ನೆ ಒಂದು ವಾರ ವಿಜಯಪುರಕ್ಕೆ ಹೋಗಿದ್ದೆ. ಪಿಂಚಣಿದಾರರು ವರ್ಷಕ್ಕೊಮ್ಮೆ ಇನ್ನೂ ಬದುಕಿದ್ದೇವೆಂದು ತೋರಿಸಬೇಕಲ್ಲ. ನಿತಿನ್ ಮನೆಯಿಂದಲೇ ಕೆಲಸ ಮಾಡುವ ವ್ಯವಸ್ಥೆ ಮಾಡಿಕೊಂಡು ಕೂಸಿನ ಜವಾಬ್ದಾರಿ ಹೊತ್ತಿದ್ದರು. ಊರಲ್ಲಿ ಹರಟೆಯ ಗೆಳೆಯರು ಸುತ್ತುವರಿದರು. ಬೀದಿಯಲ್ಲಿ ನಾಲ್ಕು ಜನ ಮಾತಾಡಿಸಿದರು, ಹೊಟ್ಟೆ ತುಂಬಿದಂತಾಯಿತು. ಸಂಜೆ ಓಣಿಯಾಚೆಯ ತಂಗಿಯ ಮನೆಯಿಂದ ಬಿಸಿ ಸಾರು ಬಂತು, ಆಗಷ್ಟೇ ಇಳಿಸಿದ್ದು. ತಾಟು ಹಾಕಿಕೊಂಡು ಕೂತೆ. ಗಡಿಯಾರ ನೋಡಿದರೆ ಎಂಟೂಕಾಲು. ಮಗಳು ಬಂದಿರಬೇಕು, ಬೆಳಿಗ್ಗೆ ಡಬ್ಬಿ ಕೆಳಗೆ ಇಟ್ಟಿದ್ದಾರೋ ಇಲ್ಲವೋ. ತಾಟನ್ನು ಬದಿಗೆ ಸರಿಸಿದೆ. ಫೋನು ಮಾಡಿದೆ.

"ಊಟ ಆತಪ್ಪ. ಈ ವಾರದ್ದು ಇವ್ರ ಮಾಡ್ಯಾರ, ಒಗ್ಗರಣಿನೂ ಇವ್ರದ. ನಿನ್ನಷ್ಟಲ್ಲ ಬಿಡು, ಆದ್ರೂ ಎರಡು ಸಲ ಹಾಕಿಸ್ಕೊಂಡೆ. ಕೂಸು ನಿನ್ನ ಖುರ್ಚಿ ಹಿಡ್ದು ನಿಂತೈತಿ. ನೀ ಮನಿಗೆ ಯಾವಾಗ ಬರ್ತಿ?"

ಆ ಹೊತ್ತಿಗೆ ನಾನು ಕೂತಿದ್ದದ್ದು ನಾನೇ ಇಟ್ಟಿಗೆ ಇಟ್ಟಿಗೆ ಕೂಡಿಸಿ ಕಟ್ಟಿಸಿದ, ಮೂವತ್ತು ವರ್ಷ ಉಂಡು ಮಲಗಿದ ಮನೆಯಲ್ಲಿ. ಬಾಗಿಲ ಮೇಲೆ ನನ್ನದೇ ಹೆಸರಿದೆ. ಮನೆಯಲ್ಲೇ ಇದ್ದೀನಲ್ಲವಾ ಎಂದು ಹೇಳಬಹುದಿತ್ತು. ಅದು ಹೊಳೆದದ್ದು ಫೋನು ಇಟ್ಟ ಮೇಲೆ. ಕೇಳಿದ ಕೂಡಲೇ ನನ್ನ ಬಾಯಿಂದ ಬಂದದ್ದು, "ಗುರುವಾರ ಬರ್ತೀನವಾ."